ಚುಕ್ಕಿ ಕಾಣದ ಸೋಮವಾರ

ತ್ರಿಯೆಸ್ತೆ ಬಂದರು, ಇಟಲಿ
2 ನವೆಂಬರ್ 2025, ಭಾನುವಾರ

ಸಾಕೂ,

ಬಂದು ಸೇರಿದೆ. ನೀನು ಹೇಳಿದ ಹಾಗೆ ವಿಮಾನದಲ್ಲಿ ಕಿವಿಗೆ ಹತ್ತಿ ಇಟ್ಟುಕೊಂಡಿದ್ದೆ. ಆದರೂ ಇನ್ನೂ ಗುಂಯ್ ಅನ್ನುತ್ತಿದೆ. ಹಡಗಿನಲ್ಲಿ ಇಂಟರ್ನೆಟ್ಟಿಗೆ ಸಿಕ್ಕಾಪಟ್ಟೆ ದುಡ್ಡು. ನನ್ನ ಸಿಮ್ಮು ಇಲ್ಲಿ ಕೆಲಸಕ್ಕೇ ಬರುವುದಿಲ್ಲ. ಫೋನ್ ಮಾಡೋಣ ಅಂದರೆ ನೀನು ಕೆಲಸದ ಮನೆಗಳಲ್ಲಿರುತ್ತೀಯ, ಫೋನು ಧರಣಿಯ ಜೊತೆ ಕಾಲೇಜಿನಲ್ಲಿರುತ್ತೆ. ಅದಕ್ಕೇ ಹಳೇ ಕಾಲದ ಹಾಗೆ ಕಾಗದ ಬರೆಯುತ್ತೇನೆ. ಹಡಗು ಊರು ಮುಟ್ಟಿದಾಗ ಯಾವುದಾದರೂ ಕಾಫಿ ಅಂಗಡಿಯ ವೈಫೈ ಹಿಡಿದು ಫೋಟೊ ಕಳಿಸುತ್ತೇನೆ. ನೀನೂ ಹಾಗೇ ಮಾಡು. ಬಾಯಲ್ಲಿ ಮಾತಾಡಿದರೆ ನಾವಿಬ್ಬರೂ "ಊಟ ಆಯ್ತಾ" ಬಿಟ್ಟು ಇನ್ನೇನು ಕೇಳಿದ್ದೇವೆ ಹೇಳು.

ಹಡಗು ಸಿನಿಮಾದಲ್ಲಿ ಕಾಣುವಂಥದ್ದಲ್ಲ, ಸಣ್ಣದು. ನೂರು ಜನಕ್ಕೆ ಜಾಗ ಇದೆ, ಈಗ ಇರುವುದು ನಲವತ್ತು ಚಿಲ್ಲರೆ. ಅದರಲ್ಲಿ ನಮ್ಮ ಮೈಸೂರಿನವರೇ ಇಪ್ಪತ್ತೆರಡು. ಸೀಸನ್ ಮುಗಿದಿರುವುದರಿಂದ ಅರ್ಧ ರೇಟು. "ಜನ ಇಲ್ದಾಗ ಊರು ನೋಡೋದೇ ಚೆಂದ ಕಣ್ರೀ" ಎಂದು ಟೂರ್ ಮ್ಯಾನೇಜರ್ ಯೋಗೇಂದ್ರ ಎಲ್ಲರಿಗೂ ಹೇಳುತ್ತಿದ್ದಾರೆ. ಹಡಗಿನ ಅಡುಗೆಮನೆಯ ಮೂಲೆಯಲ್ಲಿ ನಮ್ಮವರ ಅಡುಗೆಗೆ ಅಂತ ನನಗೆ ಎರಡು ಒಲೆ ಬಿಟ್ಟುಕೊಟ್ಟಿದ್ದಾರೆ. ಸರಸ್ವತಿಪುರಂ ಮೆಸ್ಸಿನಲ್ಲಿ ಇನ್ನೂರು ಜನಕ್ಕೆ ಬಡಿಸಿದ ಕೈಗೆ ಇದು ಯಾವ ಮಹಾ.

ನಿಮ್ಮ ಚಾಮುಂಡಮ್ಮಾವ್ರು ಆರಾಮಾಗಿದ್ದಾರೆ. ಸಮುದ್ರ ನೋಡಿ ಕೈ ಮುಗಿದರು. ಈ ಕೆಲಸ ಕೊಡಿಸಿದ್ದು ಅವರ ಮಗ ವಿಜಯ್‌ಕುಮಾರ್ ಸಾರ್. ನೀನು ಹನ್ನೊಂದು ವರ್ಷದಿಂದ ಆ ಮನೆಯಲ್ಲಿ ಕಸಮುಸುರೆ ಮಾಡಿಕೊಂಡಿರುವುದಕ್ಕೇ ಅವರು ನನ್ನನ್ನು ನೆನಪಿಟ್ಟುಕೊಂಡದ್ದು. ಸೊಸೆ ಹರ್ಷಿತಾ ಅವರದು ಮಾತ್ರ ಒಂದು ಪದ್ಧತಿ. "ಅತ್ತೆ ಊಟ ಮಾಡಿದ ತಟ್ಟೆ ತೊಳೆಯೋಕೆ ಮುಂಚೆ ನಂಗೆ ತೋರಿಸ್ಬೇಕು ಸ್ವಾಮಿ" ಅಂದಿದ್ದಾರೆ. ಸಂಜೆ ಆರಕ್ಕೆ ಅಮ್ಮಾವ್ರ ಕೋಣೆಗೇ ಊಟ ಹೋಗಬೇಕು. ಖಾಲಿ ತಟ್ಟೆ ಕಣ್ಣಾರೆ ನೋಡಿದ ಮೇಲೇ ಶುಗರಿನ ಸೂಜಿ ಹಾಕುವುದಂತೆ. ಓದಿದವರ ಮನೆಯಲ್ಲಿ ಏನೆಲ್ಲ ಇರುತ್ತೆ ನೋಡು.

ಮಹದೇವಸ್ವಾಮಿ


ಉದಯಗಿರಿ, ಮೈಸೂರು
4 ನವೆಂಬರ್, ಮಂಗಳವಾರ

ಧರಣಿ ಅಪ್ಪನಿಗೆ ಸಾಕಮ್ಮನ ನಮಸ್ಕಾರ.

ನಿಮ್ಮ ಅಕ್ಷರ ಹಡಗಿನ ಹಾಗೇ ಅಲ್ಲಾಡಿದೆ. ಧರಣಿ ಫೋಟೊ ದೊಡ್ಡದು ಮಾಡಿ ತೋರಿಸಿದ ಮೇಲೆ ಓದೋಕಾಯ್ತು. ಇಲ್ಲಿದ್ದಾಗ ಒಂದು ಸ್ವೆಟರ್ ಹಾಕಿಕೊಳ್ಳಿ ಅಂದರೆ ಹೆಂಗಸರ ಹಾಗೆ ಕಾಣುತ್ತೀನಿ ಅಂತಿದ್ದಿರಿ. ಈಗ ಹಾಕಿಕೊಂಡಿದ್ದೀರಿ ಅಂದುಕೊಂಡಿದ್ದೇನೆ.

ಅಮ್ಮಾವ್ರ ಸರಸ್ವತಿಪುರಂ ಮನೆ ಬೀಗದ ಕೈ ನನ್ನ ಹತ್ತಿರವೇ ಇದೆ. ದಿನಾ ಸಂಜೆ ಹೋಗಿ ಗಿಡಕ್ಕೆ ನೀರು ಹಾಕಿ, ತುಳಸಿ ಮುಂದೆ ಕಾರ್ತಿಕದ ದೀಪ ಹಚ್ಚಿ ಬರುತ್ತೇನೆ. ಹೊರಡುವ ದಿನ ಅಮ್ಮಾವ್ರು ಅದೊಂದನ್ನು ಮೂರು ಸಲ ಹೇಳಿದರು.

ನಿನ್ನೆ ಎರಡನೇ ಕಾರ್ತಿಕ ಸೋಮವಾರ ಇತ್ತು. ಅಮ್ಮಾವ್ರು ಏನು ತಿಂದರು? ಸುಮ್ಮನೆ ಕೇಳುತ್ತಿದ್ದೇನೆ, ಮರೆಯದೆ ಬರೆಯಿರಿ.

ಸಾಕಮ್ಮ


ಸ್ಪ್ಲಿಟ್, ಕ್ರೊಯೇಷಿಯಾ
6 ನವೆಂಬರ್, ಗುರುವಾರ

ಸಾಕೂ,

ಗಂಡ ಏನು ತಿಂದ ಅಂತ ಕೇಳುವುದು ಬಿಟ್ಟು ಅಮ್ಮಾವ್ರು ಏನು ತಿಂದರು ಅಂತ ಕೇಳಿದ್ದೀಯ. ಇರಲಿ. ಸ್ವೆಟರ್ ಹಾಕಿಕೊಂಡಿದ್ದೇನೆ, ಎರಡು.

ಈ ಊರಿನಲ್ಲಿ ಸಾವಿರದ ಏಳುನೂರು ವರ್ಷ ಹಳೆಯ ಅರಮನೆ ಇದೆ. ನಮ್ಮ ಅರಮನೆಯ ಹಾಗೆ ಚಪ್ಪಲಿ ಬಿಟ್ಟು ನೋಡಿಕೊಂಡು ಬರುವಂಥದ್ದಲ್ಲ. ಅದರ ಗೋಡೆಗಳ ನಡುವೆಯೇ ಜನ ಸಂಸಾರ ಮಾಡಿಕೊಂಡು ಕಿಟಕಿಯಲ್ಲಿ ಬಟ್ಟೆ ಒಣಗಹಾಕಿದ್ದಾರೆ. ಮುಕ್ಕಾಲು ಅಂಗಡಿ ಬಾಗಿಲು ಹಾಕಿದೆ. ಹೋಟೆಲಿನ ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸಿ ಸರಪಣಿ ಬಿಗಿದಿದ್ದಾರೆ. ನಮ್ಮವರು ಎಲ್ಲಿ ನಿಂತು ಫೋಟೊ ತೆಗೆಸಿಕೊಂಡರೂ ಹಿಂದೆ ಒಬ್ಬರೂ ಇರುವುದಿಲ್ಲ. ಎಲ್ಲರಿಗೂ ಅದೇ ಖುಷಿ. ನನಗೆ ಮಾತ್ರ ಸೂತಕದ ಮನೆಗೆ ಹೋಗಿ ಬಂದ ಹಾಗೆ ಆಯಿತು. ನಾಲ್ಕೂವರೆಗೆಲ್ಲ ಕತ್ತಲೆ ಬೇರೆ.

ಸೋಮವಾರ ಮಧ್ಯಾಹ್ನ ಅನ್ನ, ಹುರುಳಿಕಾಯಿ ಪಲ್ಯ, ತಿಳಿಸಾರು ಮಾಡಿದ್ದೆ. ಅಮ್ಮಾವ್ರ ತಟ್ಟೆಯಲ್ಲಿ ಎರಡೇ ಎರಡು ಅಗುಳು ಉಳಿದಿತ್ತು. ಹರ್ಷಿತಾ ಅವರು ನೋಡಿ, "ನಿಮ್ಮ ಕೈರುಚಿಗೆ ಅತ್ತೆ ಸರಿಯಾಗಿ ಊಟ ಮಾಡ್ತಾವ್ರೆ" ಅಂದರು. ಸಂಜೆಯೂ ಬಿಸಿಬಿಸಿ ಉಂಡರು. ನಿನಗೆ ಸಮಾಧಾನ ಆಯಿತಾ?

ಮಹದೇವಸ್ವಾಮಿ


ಉದಯಗಿರಿ, ಮೈಸೂರು
8 ನವೆಂಬರ್, ಶನಿವಾರ

ಧರಣಿ ಅಪ್ಪನಿಗೆ,

ಎರಡು ಅಗುಳು ಅಂತ ಬರೆದಿದ್ದೀರಿ. ಆ ತಟ್ಟೆ ಎತ್ತಿದ್ದು ಯಾರು? ಅಮ್ಮಾವ್ರು ತಿನ್ನುವುದನ್ನು ನೀವು ನಿಂತು ನೋಡಿದಿರಾ, ಇಲ್ಲ ಬರೀ ತಟ್ಟೆ ನೋಡಿದಿರಾ? ನನ್ನ ಮೇಲೆ ರೇಗಬೇಡಿ. ಹೋದ ವರ್ಷ ಕಾರ್ತಿಕದಲ್ಲಿ ಅವರು ಎಚ್ಚರ ತಪ್ಪಿ ಆಸ್ಪತ್ರೆ ಸೇರಿದ್ದು ನಿಮಗೂ ನೆನಪಿದೆ. ವಯಸ್ಸಾದವರು, ಪರದೇಶ, ಅದಕ್ಕೆ ಕೇಳಿದೆ ಅಷ್ಟೆ.

ಮೂರು ದಿನದಿಂದ ಇಲ್ಲಿ ಜಿಟಿಜಿಟಿ ಮಳೆ. ಸಮುದ್ರದ ಕಡೆ ವಾಯುಭಾರ ಕುಸಿತ ಅಂತ ಟೀವಿಯಲ್ಲಿ ಹೇಳಿದರು. ಚಾಮುಂಡಿ ಬೆಟ್ಟ ಕಾಣುತ್ತಲೇ ಇಲ್ಲ. ಹೋದ ವರ್ಷವೂ ಇದೇ ಹೊತ್ತಿಗೆ ಹೀಗೇ ಮೋಡ ಮುಚ್ಚಿಕೊಂಡಿತ್ತು. ಅಲ್ಲಿ ಆಕಾಶ ಹೇಗಿದೆ?

ಸಾಕಮ್ಮ


ಹಡಗಿನಲ್ಲಿ
13 ನವೆಂಬರ್, ಗುರುವಾರ

ಸಾಕೂ,

ನಿನ್ನ ಕಾಗದ ದುಬ್ರೋವ್ನಿಕ್‌ನಲ್ಲಿ ಸಿಕ್ಕಿತು. ಸುತ್ತ ಕೋಟೆ, ಕೆಳಗೆ ಸಮುದ್ರ, ಒಳಗೆ ನುಣುಪು ಕಲ್ಲಿನ ಬೀದಿ, ಓಡಾಡುವುದು ಬೆಕ್ಕುಗಳು ಮಾತ್ರ. ಅಲ್ಲೇ ಕೂತು ಉತ್ತರ ಬರೆಯೋಣ ಅಂದುಕೊಂಡೆ, ಆಗಲಿಲ್ಲ. ನಿನಗೆ ಸುಳ್ಳು ಬರೆಯುವುದು ನನ್ನ ಕೈಲಿ ಆಗುವುದಿಲ್ಲ ಅಂತ ಎರಡು ದಿನ ಒದ್ದಾಡಿದ ಮೇಲೆ ಗೊತ್ತಾಯಿತು.

ಆ ತಟ್ಟೆ ಎತ್ತಿದ್ದು ನಾನೇ. ಎಂಜಲು ಮಾಡಿದ್ದೂ ನಾನೇ.

ಅಮ್ಮಾವ್ರು ಕಾರ್ತಿಕ ಸೋಮವಾರದ ಉಪವಾಸ ಹಿಡಿದಿದ್ದಾರೆ. ವಿಜಯ್‌ಕುಮಾರ್ ಸಾರ್‌ಗೆ ಹಿಂದೆ ಆಕ್ಸಿಡೆಂಟ್ ಆಗಿ ಬದುಕುವುದೇ ಅನುಮಾನ ಇದ್ದಾಗ ಹೊತ್ತ ಹರಕೆಯಂತೆ. ಬೆಳಿಗ್ಗೆ ಒಂದು ಲೋಟ ಹಾಲು, ಎರಡು ಬಾಳೆಹಣ್ಣು. ಆಮೇಲೆ ಸಂಜೆ ಆಕಾಶದಲ್ಲಿ ಚುಕ್ಕಿ ನೋಡಿ, ಕೈ ಮುಗಿದು, ಆಮೇಲೇ ಊಟ. ಮಗ ಸೊಸೆಗೆ ತಿಳಿದರೆ ಬಿಡಿಸುತ್ತಾರೆ ಅಂತ ಗುಟ್ಟಾಗಿ ಇಟ್ಟಿದ್ದಾರೆ. "ನಿನ್ನ ಹೆಸರಲ್ಲೇ ಮಾದೇವ ಅವ್ನೆ ಸ್ವಾಮಿ, ನೀನು ಹೇಳ್ಬುಟ್ರೆ ನಾನು ಯಾರನ್ನ ನಂಬಲಿ" ಅಂದರು. ಮಧ್ಯಾಹ್ನದ ಅನ್ನ ನನ್ನ ಸ್ಟೀಲ್ ಡಬ್ಬಿಗೆ ಸೇರಿಸಿ, ತಟ್ಟೆಗೆ ಸಾರು ಸವರಿ, ಎರಡು ಅಗುಳು ಬಿಟ್ಟು ಇಡುತ್ತೇನೆ. ಅದನ್ನು ಹೇಳಿಕೊಟ್ಟವರೂ ಅವರೇ. ಪೂರ್ತಿ ಒರೆಸಿದ ಹಾಗಿದ್ದರೆ ಅನುಮಾನ ಬರುತ್ತಂತೆ.

ನೀನು ಹೆದರಬೇಡ. ಈ ಊರುಗಳಲ್ಲಿ ಕತ್ತಲು ಬೇಗ. ಹೋದ ಎರಡು ಸೋಮವಾರವೂ ಐದು ಗಂಟೆಗೆಲ್ಲ ಚುಕ್ಕಿ ಕಂಡಿತು, ಆರಕ್ಕೆ ನಿಜವಾಗಿಯೇ ಹೊಟ್ಟೆ ತುಂಬ ಉಂಡರು. ಇಲ್ಲಿ ವ್ರತ ಮಾಡುವುದು ಮೈಸೂರಿಗಿಂತ ಸಲೀಸು. ಮತ್ತೆ ಸೂಜಿ ಹೇಗೂ ತಪ್ಪದೆ ಬೀಳುತ್ತೆ. ಶುಗರ್ ಇರುವವರಿಗೆ ಒಂದು ಹೊತ್ತು ಕಡಿಮೆ ತಿನ್ನುವುದು ಒಳ್ಳೆಯದು ತಾನೇ. ಸೂಜಿಯೂ ಇದೆ, ಉಪವಾಸವೂ ಇದೆ, ಎರಡು ಕಡೆಯಿಂದ ಕಾವಲು ಇದ್ದ ಹಾಗೆ. ಇನ್ನು ಉಳಿದಿರುವುದು ಕಡೇ ಸೋಮವಾರ ಒಂದೇ. ಹರ್ಷಿತಾ ಅವರ ಕಿವಿಗೆ ಇದು ಎಂದಿಗೂ ಬೀಳಬಾರದು.

ನಾಳೆ ಕೋಟೋರ್ ಎಂಬ ಊರು. ಅಲ್ಲಿಂದ ಇದನ್ನು ಕಳಿಸುತ್ತೇನೆ. ಶನಿವಾರ ಮಧ್ಯಾಹ್ನದವರೆಗೆ ಹಡಗು ಅಲ್ಲೇ ಇರುತ್ತದೆ, ಅಷ್ಟರಲ್ಲಿ ಎರಡು ಸಾಲು ಬರೆ. ನಿನ್ನ ಹತ್ತಿರ ಮುಚ್ಚಿಟ್ಟೆ ಅಂತ ಮನಸ್ಸಿಗೆ ಕಸಿವಿಸಿ.

ಮಹದೇವಸ್ವಾಮಿ


ಉದಯಗಿರಿ, ಮೈಸೂರು
16 ನವೆಂಬರ್, ಭಾನುವಾರ ಬೆಳಿಗ್ಗೆ

ಧರಣಿ ಅಪ್ಪನಿಗೆ,

ನಿಮ್ಮ ಕಾಗದ ಶುಕ್ರವಾರವೇ ಬಂತು. ಆಗಲೇ ಬರೆಯಬೇಕಿತ್ತು. ಬರೆದರೆ ಫೋಟೊ ತೆಗೆಯುವವಳು ಧರಣಿ. ಅವ್ವ ಏನು ಮಾಡಿದಳು ಅಂತ ಮಗಳು ಓದುತ್ತಾಳಲ್ಲ ಅನ್ನುವ ನಾಚಿಕೆಗೆ ನಿನ್ನೆ ಪೂರ್ತಿ ಸುಮ್ಮನೆ ಕೂತುಬಿಟ್ಟೆ. ಇವತ್ತು ಬೆಳಿಗ್ಗೆ ಅವಳಿಗೆ ಬಾಯಿಬಿಟ್ಟು ಹೇಳಿದ ಮೇಲೆ ಬರೆಯುತ್ತಿದ್ದೇನೆ.

ಹೋದ ವರ್ಷದ ಕಡೇ ಕಾರ್ತಿಕ ಸೋಮವಾರ ಅಮ್ಮಾವ್ರ ತಟ್ಟೆಗೆ ಸಾರು ಸವರಿದ್ದು ನಾನು. ಎರಡು ಅಗುಳು ಬಿಟ್ಟವಳೂ ನಾನು. ಅವತ್ತು ಮೋಡ. ಚುಕ್ಕಿ ಕಾಣಲಿಲ್ಲ. "ಇನ್ನೊಂದು ಗಳಿಗೆ ನೋಡ್ತೀನಿ ಕಣೆ ಸಾಕಿ, ನೀನು ತಟ್ಟೆ ಎತ್ಬುಡು" ಅಂದರು. ನಾನು ಎತ್ತಿ ಇಟ್ಟು ಮನೆಗೆ ಬಂದೆ. ಹರ್ಷಿತಕ್ಕ ಖಾಲಿ ತಟ್ಟೆ ನೋಡಿ ಸೂಜಿ ಹಾಕಿದರು. ಬೆಳಿಗ್ಗೆ ನಾನು ಹೋಗಿ ಕದ ತೆಗೆದರೆ ಅಮ್ಮಾವ್ರು ದೇವರ ಮನೆ ಹೊಸಿಲಲ್ಲಿ ಬಿದ್ದಿದ್ದರು, ಮೈಯೆಲ್ಲ ಬೆವರು, ಮುಟ್ಟಿದರೆ ತಣ್ಣಗಿತ್ತು.

ಆಸ್ಪತ್ರೆಯಲ್ಲಿ ಡಾಕ್ಟ್ರು ಹರ್ಷಿತಕ್ಕನ ಮೇಲೆ ಕೂಗಾಡಿದರು. "ಊಟ ಇಲ್ದೆ ಇನ್ಸುಲಿನ್ ಕೊಟ್ಟಿದೀರಲ್ರೀ, ಶುಗರ್ ಪಾತಾಳಕ್ಕೆ ಹೋಗಿದೆ, ಇನ್ನರ್ಧ ಗಂಟೆ ಆಗಿದ್ರೆ ಮುಗೀತಿತ್ತು" ಅಂದರು. ಆಕೆ ಅತ್ತುಕೊಂಡು "ಅತ್ತೆ ಊಟ ಮಾಡಿದ್ರು, ತಟ್ಟೆ ನಾನೇ ನೋಡಿದೀನಿ" ಅಂದರು. ನಾನು ಫ್ಲಾಸ್ಕ್ ಹಿಡಿದುಕೊಂಡು ಪಕ್ಕದಲ್ಲೇ ನಿಂತಿದ್ದೆ. ಬಾಯಿ ಬಿಡಲಿಲ್ಲ. ಕೆಲಸ ಹೋಗುತ್ತೆ ಅನ್ನುವ ಭಯ. ಅಮ್ಮಾವ್ರು ಉಳಿದುಕೊಂಡರು, ಮುಗಿಯಿತು ಅಂದುಕೊಂಡೆ. ಆವತ್ತಿನಿಂದಲೇ ಹರ್ಷಿತಕ್ಕ ತಟ್ಟೆಗೆ ಅಷ್ಟು ಕಾವಲು ಕಾಯುವುದು. ನಿಮಗೂ ಹೇಳಲಿಲ್ಲ. ನೀವು ಅಲ್ಲಿ ಅದೇ ತಟ್ಟೆ ಎತ್ತುತ್ತೀರಿ ಅಂತ ನನಗೇನು ಗೊತ್ತಿತ್ತು.

ಆ ಸೂಜಿ ಕಾವಲಲ್ಲ ಕಣ್ರೀ. ಹೊಟ್ಟೆಗೆ ಅನ್ನ ಬಿದ್ದವರಿಗೆ ಮಾತ್ರ ಅದು ಔಷಧಿ. ಬರೀ ಹೊಟ್ಟೆಗೆ ಬಿದ್ದರೆ ಆಳನ್ನೇ ತೆಗೆದುಬಿಡುತ್ತೆ.

ನಾಳೆ ಹರ್ಷಿತಕ್ಕನಿಗೆ ಎಲ್ಲ ಹೇಳಿಬಿಡಿ. ನನ್ನ ಕೆಲಸ ಹೋದರೆ ಹೋಗಲಿ. ಹೇಳಲು ನಾಲಿಗೆ ಏಳದಿದ್ದರೆ, ಚುಕ್ಕಿ ಕಾಣದಿದ್ದರೆ, ದೂರದ ಯಾವುದಾದರೂ ದೀಪ ತೋರಿಸಿ ಅದೇ ಚುಕ್ಕಿ ಅನ್ನಿ. ಅವರ ಕಣ್ಣು ಮಂಜು, ನಂಬುತ್ತಾರೆ. ಆ ಪಾಪ ನನ್ನ ತಲೆಗೆ ಬರಲಿ. ಇದನ್ನು ನೋಡಿದ ಕೂಡಲೇ "ನೋಡಿದೆ" ಅಂತ ಒಂದು ಪದ ಹಾಕಿ.

ಸಾಕಮ್ಮ


ಉದಯಗಿರಿ, ಮೈಸೂರು
17 ನವೆಂಬರ್, ಸೋಮವಾರ ಮಧ್ಯಾಹ್ನ

ನಿನ್ನೆಯ ಕಾಗದ ನಿಮಗೆ ಮುಟ್ಟಿಲ್ಲ ಅಂತ ಧರಣಿಯ ಫೋನು ತೋರಿಸುತ್ತಿದೆ. ಬೆಳಿಗ್ಗೆ ಬಾಗಿಲು ತೆಗೆಯುವ ಹೊತ್ತಿಗೇ ಟೂರ್ ಆಫೀಸಿಗೆ ಹೋಗಿ ನಿಂತೆ. ಅಲ್ಲಿ ವಸಂತ್ ಅಂತ ಇದ್ದಾರೆ. ಗಾಳಿ ಜಾಸ್ತಿ, ನಿನ್ನೆಯ ಊರಿಗೆ ಹಡಗು ಹೋಗಲೇ ಇಲ್ಲ, ಬೇಕಾದರೆ ಹಡಗಿನ ಆಫೀಸಿಗೆ ಒಂದು ಮೆಸೇಜ್ ಹಾಕಬಹುದು ಅಂದರು. ಏನು ಹಾಕಲಿ ಅಂತ ಕೇಳಿದರು.

ಸುತ್ತ ಆರು ಜನ ಕೂತಿದ್ದರು. ಎಲ್ಲ ಹೇಳಬೇಕು ಅಂತಲೇ ಹೋಗಿದ್ದೆ. ಬಾಯಿಗೆ ಬಂದಿದ್ದು "ಚಾಮುಂಡಮ್ಮಾವ್ರಿಗೆ ಸರಿಯಾಗಿ ಊಟ ಮಾಡಿಸಿ" ಅನ್ನುವ ಒಂದೇ ಮಾತು. ಅವರು ನಕ್ಕು, "ನಿಮ್ಮ ಯಜಮಾನ್ರೇ ಅಡುಗೆಯವ್ರಲ್ವಾ, ಮಾಡಿಸ್ತಾರೆ ಬುಡಮ್ಮ" ಎಂದು ಟೈಪ್ ಮಾಡಿದರು.

ಇಷ್ಟರಿಂದಲೇ ನಿಮಗೆ ಗೊತ್ತಾಗಬೇಕು. ಗೊತ್ತಾಗುತ್ತೆ ಅಲ್ವಾ.

ಸಾಕಮ್ಮ


ಹಡಗಿನಲ್ಲಿ
17 ನವೆಂಬರ್, ಸೋಮವಾರ ಸಂಜೆ ಏಳು

ಸಾಕೂ,

ಕೋಟೋರಿನಲ್ಲಿ ಶನಿವಾರ ಹೊರಡುವವರೆಗೂ ಕಾಫಿ ಅಂಗಡಿಯಲ್ಲಿ ಕೂತು ನಿನ್ನ ಉತ್ತರ ಕಾದೆ. ಬರಲಿಲ್ಲ. ಮುಚ್ಚಿಟ್ಟಿದ್ದಕ್ಕೆ ಸಿಟ್ಟು ಮಾಡಿಕೊಂಡಿದ್ದೀಯ ಅಂತ ತಿಳಿದುಕೊಂಡೆ. ಸಿಟ್ಟಿಲ್ಲದಿದ್ದರೆ ನೀನು ಸುಮ್ಮನಿರುವವಳಲ್ಲ.

ನಿನ್ನೆ ಕೊರ್ಫು ಎಂಬ ಊರು ಮುಟ್ಟಬೇಕಿತ್ತು. ದಕ್ಷಿಣದಿಂದ ಗಾಳಿ ಎದ್ದಿದೆ, ಯೂಗೊ ಅಂತಾರೆ. ಬಂದರು ಮುಚ್ಚಿದ್ದಾರೆ. ಎರಡು ದಿನದಿಂದ ಊರಿನ ಸುತ್ತಲೇ ಸಮುದ್ರದಲ್ಲಿ ತಿರುಗುತ್ತಿದ್ದೇವೆ. ಈ ಕಾಲದಲ್ಲಿ ಹೀಗಾಗುವುದು ಮಾಮೂಲು, ಅದಕ್ಕೇ ಅರ್ಧ ರೇಟು ಅಂತ ಹಡಗಿನವನೊಬ್ಬ ಈಗ ಹೇಳುತ್ತಾನೆ. ಪಾತ್ರೆಗಳನ್ನೆಲ್ಲ ಹಗ್ಗದಲ್ಲಿ ಕಟ್ಟಿದ್ದೇನೆ. ಹನ್ನೆರಡು ಜನ ಊಟಕ್ಕೇ ಬರಲಿಲ್ಲ, ಹರ್ಷಿತಾ ಅವರಿಗೂ ತಲೆಸುತ್ತು.

ಮಧ್ಯಾಹ್ನ ಯೋಗೇಂದ್ರ ನಗುತ್ತಾ ಬಂದರು. "ಚಾಮುಂಡಮ್ಮಾವ್ರಿಗೆ ಸರಿಯಾಗಿ ಊಟ ಮಾಡ್ಸಿ ಅಂತ ಮೈಸೂರಿಂದ ಮೆಸೇಜು ಬಂದದೆ ಸ್ವಾಮಿ" ಅಂದರು. ಯಾರೋ ನೆಂಟರಿರಬೇಕು. ನನಗಿಂತ ಚೆನ್ನಾಗಿ ಯಾರು ಮಾಡಿಸುತ್ತಾರೆ ಅಂತ ನಾನೂ ನಕ್ಕೆ.

ಇವತ್ತು ಕಡೇ ಸೋಮವಾರ. ಬೆಳಿಗ್ಗೆಯಿಂದ ಆಕಾಶವೇ ಕಾಣುತ್ತಿಲ್ಲ. ಐದಾಯಿತು, ಐದೂವರೆ ಆಯಿತು. ಅಮ್ಮಾವ್ರು ಕಿಟಕಿಯ ಪಕ್ಕ ಕುರ್ಚಿ ಎಳೆದುಕೊಂಡು ಶಾಲು ಹೊದ್ದು ಕೂತಿದ್ದರು. ಆರಕ್ಕೆ ಊಟ ತಗೊಂಡು ಹೋದೆ. ದೂರದಲ್ಲಿ ಒಂದು ಬೆಳಕು ಕಂಡೂ ಕಾಣದ ಹಾಗೆ ಮಿನುಗುತ್ತಿತ್ತು. "ಅದು ಚುಕ್ಕಿ ಅಲ್ವೇನಪ್ಪ ಸ್ವಾಮಿ?" ಅಂತ ಕೇಳಿದರು. ಹೂಂ ಅಂದಿದ್ದರೆ ಆಗಲೇ ಉಂಡುಬಿಡುತ್ತಿದ್ದರು. ಮಗನ ಪ್ರಾಣಕ್ಕೆ ಹೊತ್ತ ಹರಕೆ, ನಾನು ಸುಳ್ಳು ಹೇಳಿ ಕೆಡಿಸುವುದಾ? "ಅಲ್ಲ ಅಮ್ಮಾವ್ರೇ, ಅದು ಲೈಟ್‌ಹೌಸು" ಅಂದೆ. ನನ್ನ ಮುಖವನ್ನೇ ಸ್ವಲ್ಪ ಹೊತ್ತು ನೋಡಿದರು. ಆಮೇಲೆ, "ಸರಿ, ಡಬ್ಬಿಗೆ ಹಾಕಿಟ್ಟಿರು, ಮೋಡ ಸರಿದ ಮೇಲೆ ತಿಂತೀನಿ. ತಟ್ಟೆ ಎತ್ಬುಡು" ಅಂದರು.

ತಟ್ಟೆಗೆ ಸಾರು ಸವರಿದೆ. ಹರ್ಷಿತಾ ಅವರು ಗೋಡೆ ಹಿಡಿದುಕೊಂಡು ಬಂದರು, ಪಾಪ, ನಿಲ್ಲಲೂ ಆಗುತ್ತಿರಲಿಲ್ಲ. "ಊಟ ಆಯ್ತಾ ಸ್ವಾಮಿ?" ಅಂದರು. ಆಯ್ತು ಅಂದೆ. ಸೂಜಿ ಹಾಕಿ ಹೋಗಿ ಮಲಗಿದರು.

ಡಬ್ಬಿ ಅಮ್ಮಾವ್ರ ಕೈಗೆ ಸಿಗುವ ಹಾಗೆ ಇಟ್ಟು ಬಂದಿದ್ದೇನೆ. ಬೆಳಿಗ್ಗೆ ಕಾಫಿ ತಗೊಂಡು ಹೋದಾಗ ಖಾಲಿ ಡಬ್ಬಿ ತರುತ್ತೇನೆ. ಅಲ್ಲಿಗೆ ವ್ರತವೂ ಮುಗಿಯುತ್ತೆ, ನನ್ನ ಗುಟ್ಟೂ ಮುಗಿಯುತ್ತೆ. ಸಿಟ್ಟು ಬಿಡು.

ಮಹದೇವಸ್ವಾಮಿ


ಕೊರ್ಫು, ಗ್ರೀಸ್
18 ನವೆಂಬರ್, ಮಂಗಳವಾರ

ಸಾಕೂ,

ಹಡಗು ಹತ್ತು ಗಂಟೆಗೆ ದಡ ಮುಟ್ಟಿತು. ನಿನ್ನ ಎರಡು ಕಾಗದವೂ ಒಟ್ಟಿಗೆ ಬಂದವು. ನಾನು ಕಾಫಿ ತಗೊಂಡು ಹೋಗಿದ್ದು ಆರೂವರೆಗೆ.

ಅಮ್ಮಾವ್ರು ಹೋಗಿಬಿಟ್ಟರು.

ಅದೇ ಕುರ್ಚಿಯಲ್ಲಿ, ಅದೇ ಶಾಲಿನಲ್ಲಿ, ಮುಖ ಕಿಟಕಿಯ ಕಡೆಗೆ ಇತ್ತು. ಡಬ್ಬಿಯ ಮುಚ್ಚಳ ತೆಗೆದಿರಲಿಲ್ಲ. ನಾನು ಮೊದಲು ಮಾಡಿದ ಕೆಲಸ ಏನು ಗೊತ್ತಾ, ಯಾರನ್ನೂ ಕೂಗಲಿಲ್ಲ, ಆ ಡಬ್ಬಿ ಎತ್ತಿ ನನ್ನ ಚೀಲಕ್ಕೆ ಹಾಕಿಕೊಂಡೆ. ಆಮೇಲೆ ಕೂಗಿದೆ.

ಶುಗರ್ ಇಳಿದೇ ಅಮ್ಮಾವ್ರು ಹೋಗಿದ್ದು ಅಂತ ಇಲ್ಲಿಯ ಡಾಕ್ಟರು ಹೇಳುತ್ತಾರೆ. ಎಷ್ಟು ಸೂಜಿ ಹಾಕಿದಿರಿ ಅಂತ ಹರ್ಷಿತಾ ಅವರನ್ನು ಮೂರು ಸಲ ಕೇಳಿದರು. ಆಯಮ್ಮ ತಮ್ಮ ಕೈಯನ್ನೇ ನೋಡಿಕೊಂಡು ಕೂತಿದ್ದಾರೆ. "ಹಡಗು ಅಲ್ಲಾಡ್ತಿತ್ತು ಸ್ವಾಮಿ, ನಂಗೂ ತಲೆ ಸುತ್ತಿತ್ತು, ಜಾಸ್ತಿ ಹಾಕ್ಬುಟ್ನಾ? ಊಟ ಮಾಡಿದ್ರಲ್ವಾ, ನೀವೇ ಹೇಳಿದ್ರಲ್ವಾ?" ಅಂತ ಕೇಳಿದ್ದನ್ನೇ ಕೇಳುತ್ತಾರೆ. ವಿಜಯ್‌ಕುಮಾರ್ ಸಾರ್ ಹೆಂಡತಿಯ ಪಕ್ಕ ಕೂರಲೂ ಇಲ್ಲ. ಆಸ್ಪತ್ರೆಯ ಬೆಂಚಿನ ಆ ತುದಿಗೆ ಅವರು, ಈ ತುದಿಗೆ ಇವರು.

ಹೇಳಬಾರದ ಸುಳ್ಳು ಹೇಳಿದೆ, ಹೇಳಬೇಕಾದ ಸುಳ್ಳು ಹೇಳಲಿಲ್ಲ. ದೊಡ್ಡ ಸತ್ಯವಂತನ ಹಾಗೆ ಲೈಟ್‌ಹೌಸು ಅಂದೆ. ಅವರಿಗೆ ಹಸಿವಾಗಿತ್ತು ಸಾಕೂ. ಹೂಂ ಅನ್ನಲಿ ಅಂತಲೇ ಕೇಳಿದ್ದರು ಅಂತ ಈಗ ಅನ್ನಿಸುತ್ತೆ.

ಗಾಳಿ ನಿಂತಿದೆ. ಆಕಾಶ ತೊಳೆದ ಹಾಗಿದೆ. ಈಗ ಆರು ಗಂಟೆ, ಬಂದರಿನ ಮೇಲೆ ಚುಕ್ಕಿಗಳು ಬಂದಿವೆ. ಡಬ್ಬಿ ಇನ್ನೂ ನನ್ನ ಚೀಲದಲ್ಲೇ ಇದೆ. ಇದನ್ನು ನಿನಗೆ ಕಳಿಸಿ, ಅದನ್ನು ತಗೊಂಡು ಹೋಗಿ ಅವರಿಬ್ಬರ ನಡುವೆ ಇಡುತ್ತೇನೆ. ಆಮೇಲೆ ಏನಾಗುತ್ತೋ ಗೊತ್ತಿಲ್ಲ. ಹೋದ ವರ್ಷದ ಮಾತು ನಾನು ಎತ್ತುವುದಿಲ್ಲ. ಆ ಮನೆಯಲ್ಲಿ ನಿನ್ನ ಹೆಸರಾದರೂ ಉಳಿಯಲಿ.

ಮಹದೇವಸ್ವಾಮಿ


ಸರಸ್ವತಿಪುರಂ, ಮೈಸೂರು
20 ನವೆಂಬರ್, ಗುರುವಾರ, ಅಮಾವಾಸ್ಯೆ

ಧರಣಿ ಅಪ್ಪನಿಗೆ,

ಇದನ್ನು ಅಮ್ಮಾವ್ರ ಮನೆಯ ಹಿತ್ತಲಿನ ಮೆಟ್ಟಿಲ ಮೇಲೆ ಕೂತು ಬರೆಯುತ್ತಿದ್ದೇನೆ. ಸೂತಕದ ಮನೆಯಲ್ಲಿ ದೀಪ ಹಚ್ಚಬಹುದೋ ಇಲ್ಲವೋ ಗೊತ್ತಾಗಲಿಲ್ಲ. ಕಾರ್ತಿಕ ಮುಗಿಯುವವರೆಗೂ ಹಚ್ಚು ಅಂದಿದ್ದರು, ಇವತ್ತಿಗೆ ಮುಗಿಯುತ್ತೆ, ಹಚ್ಚಿದೆ. ಬೀಗದ ಕೈಯನ್ನು ಪಕ್ಕದ ಮನೆಯವರಿಗೆ ಕೊಟ್ಟು ಹೋಗುತ್ತೇನೆ.

ಶುಕ್ರವಾರ ಸಂಜೆಯೇ ನಾನು ಬರೆದಿದ್ದರೆ ನೀವು ಕಾಫಿ ಅಂಗಡಿಯಲ್ಲಿ ಕೂತು ಓದುತ್ತಿದ್ದಿರಿ. ಇನ್ನು ನಾನು ಬದುಕಿರುವವರೆಗೂ ನನಗೆ ಆ ಶುಕ್ರವಾರವೇ.

ಡಬ್ಬಿ ಇಟ್ಟಿರಿ ತಾನೇ? ಅವರು ಏನಂದರು ಅಂತ ಕೇಳುವುದಿಲ್ಲ. ಆದರೆ ಅರ್ಧ ಹೇಳಿ ಬರಬೇಡಿ. ಹರ್ಷಿತಕ್ಕ ಹೋದ ವರ್ಷ ಬೈಸಿಕೊಂಡದ್ದೂ ನನ್ನಿಂದ. ಆವತ್ತು ನಾನು ಬಾಯಿ ಬಿಟ್ಟಿದ್ದರೆ ಈ ವರ್ಷ ಆ ತಟ್ಟೆ ನಿಮ್ಮ ಕೈಗೆ ಬರುತ್ತಲೇ ಇರಲಿಲ್ಲ. ನನ್ನ ಹೆಸರು ಉಳಿಸಬೇಡಿ. ಇನ್ನೊಂದು ಸಲ ಅವರ ಹತ್ತಿರ ಹೋಗಿ, ನನ್ನ ಹೆಸರೂ ಹೇಳಿ.

ಸಾಕಮ್ಮ